ಮೂರು ನಿಮಿಷದ ಶುಕ್ರ

ನಾರ್ವೆಯ ತುತ್ತತುದಿ, ವಾರ್ಡೊ ದ್ವೀಪ.
ಅಲ್ಲಿ ಅಂಚೆ ಹಂಚುವವಳು ನಾನು.
ಯಾರ ಮನೆಗೆ ಯಾವ ಲಕೋಟೆ, ನನಗೆ ಗೊತ್ತು.
ಯಾರ ಮನೆಗೆ ಯಾವ ಗ್ರಹ,
ಅದು ಗುಡ್ವೇಗ್‌ಗೆ ಮಾತ್ರ.

ಮೂವತ್ತೊಂದು ವರ್ಷ ಕಾರ್ಖಾನೆಯಲ್ಲಿ ಮೀನಿನ ತಲೆ ಕಡಿದ ಕೈ;
ಈಗ ಆ ಕೈಯಲ್ಲಿ ಗೆರೆ ಎಳೆದ ಲೆಕ್ಕದ ಪುಸ್ತಕ.
ಹುಟ್ಟುವ ಸೂರ್ಯನಿಂದ ಮುಳುಗುವ ಸೂರ್ಯನವರೆಗೆ ಅಳೆದು
ಹನ್ನೆರಡು ಪಾಲು ಮಾಡುತ್ತಾಳೆ,
ಹಸಿದ ಮಕ್ಕಳಿಗೆ ರೊಟ್ಟಿ ಮುರಿದ ಹಾಗೆ.
ಬಲೆಯ ತೂತು ಹೊಲಿಯಲು ಬುಧ,
ಹಲ್ಲು ಕೀಳಿಸಲು ಕುಜ,
ಸಾಲ ಕೇಳಿ ಬ್ಯಾಂಕಿನವನೆದುರು ಕೂರಲು ಗುರು.
ಶನಿಯಲ್ಲಿ ಏನೂ ಬೇಡ,
ಗೋಡೆಗೆ ಒಂದು ಮೊಳೆ ಹೊಡೆದರೆ ಸಾಕು.

ಊರು ನಗುತ್ತದೆ. ನಕ್ಕವರೇ ರಾತ್ರಿ ಫೋನು ಮಾಡುತ್ತಾರೆ:
ನನಗಲ್ಲ, ನಮ್ಮ ಅತ್ತಿಗೆಗೆ ಬೇಕಿತ್ತು,
ದೋಣಿಯ ಹೊಸ ಎಂಜಿನ್ನು ಎಷ್ಟು ಹೊತ್ತಿಗೆ ಚಾಲೂ ಮಾಡಬಹುದು ಅಂತ.

ಐಲಿವ್ ಮಾತ್ರ ಹಗಲಲ್ಲೇ ಬಂದ, ಟೋಪಿ ಕೈಯಲ್ಲಿ ಹಿಡಿದು.
ಅವನ ಅಣ್ಣ ತೋರ್ಲೈವ್ ಇರುವುದು ಅದೇ ಬೀದಿಯ ಆ ತುದಿ.
ಅಪ್ಪನ ದೋಣಿ ಮಾರಿದ ದಿನದಿಂದ ಹನ್ನೊಂದು ವರ್ಷ
ಆ ಎರಡು ಬಾಗಿಲುಗಳ ನಡುವೆ ನಡೆದದ್ದು ನಾನೊಬ್ಬಳೇ,
ಅದೂ ವಿದ್ಯುತ್ ಬಿಲ್ಲು ಹಿಡಿದು.
"ಹೋಗಿ ಬಾಗಿಲು ತಟ್ಟಬೇಕು," ಅಂದ. "ಯಾವಾಗ?"

"ಶುಕ್ರವಾರ. ಶುಕ್ರನ ಹೋರೆ."

ನವೆಂಬರಿನ ಕಡೆ. ಆ ವರ್ಷದ ಕೊನೆಯ ಸೂರ್ಯ
ಹತ್ತು ಇಪ್ಪತ್ತನಾಲ್ಕಕ್ಕೆ ಎದ್ದು
ಹನ್ನೊಂದಕ್ಕೆ ಮಲಗುವವನು.
ಮೂವತ್ತಾರು ನಿಮಿಷದ ಹಗಲು; ಹಂಚಿದರೆ ತಲಾ ಮೂರು.
ಮೂರು ನಿಮಿಷ ಶುಕ್ರ, ಮೂರು ನಿಮಿಷ ಬುಧ,
ಚಂದ್ರನಿಗೂ ಅಷ್ಟೇ,
ಮೊಟ್ಟೆ ಬೇಯುವಷ್ಟು ಶನಿ.
ಸುತ್ತಿ ಬಂದು, ಎಂಟನೆಯದು ಮತ್ತೆ ಶುಕ್ರ.

ಅಂಗಿಯ ಗುಂಡಿ ಹಾಕುವಷ್ಟರಲ್ಲಿ ಮೊದಲ ಶುಕ್ರ ಹೋದ.
ಎರಡನೆಯವನ ಹೊತ್ತಿಗೆ ಐಲಿವ್ ಬೀದಿಗಿಳಿದಿದ್ದ,
ಆದರೆ ಮಂಜುಗಡ್ಡೆಯ ಮೇಲೆ ಓಡಲಾರದು
ಎಪ್ಪತ್ತರ ಮೊಣಕಾಲು.
ಅಣ್ಣನ ಗೇಟು ಮುಟ್ಟಿ ಗಡಿಯಾರ ನೋಡಿದ:
ಶನಿ.
ನಿಂತ. ತಿರುಗಿದ.
ನಾನು ಚೀಲದಲ್ಲಿ ಏನೋ ಹುಡುಕುವವಳಂತೆ ತಲೆ ತಗ್ಗಿಸಿದೆ.

ಮರುದಿನ ಸೂರ್ಯ ಬರಲಿಲ್ಲ.
ಇಲ್ಲಿ ಅದು ವಾಡಿಕೆ, ಇನ್ನೆರಡು ತಿಂಗಳು ಬರುವುದಿಲ್ಲ.
ಮಧ್ಯಾಹ್ನ ಯಾರೋ ಆಕಾಶಕ್ಕೆ ನೀಲಿ ಬಳಿದು
ಸರಿಯಿಲ್ಲವೆಂದು ಒರೆಸಿಬಿಡುತ್ತಾರೆ.
ಗುಡ್ವೇಗ್ ಪುಸ್ತಕ ತೆರೆದು ಕೂತಳು.
ಹುಟ್ಟಿಲ್ಲ, ಮುಳುಗಿಲ್ಲ,
ಸೊನ್ನೆಯನ್ನು ಹನ್ನೆರಡು ಜನಕ್ಕೆ ಹಂಚುವುದು ಹೇಗೆ?
ಪ್ರತಿ ವರ್ಷದಂತೆ ಹಾಳೆಯ ನೆತ್ತಿಯಲ್ಲಿ ಬರೆದಳು:
ಯಜಮಾನರು ಊರಲ್ಲಿಲ್ಲ.

ಫೋನು ಬಂದಾಗ ನಾನಲ್ಲೇ ಕಾಫಿ ಕುಡಿಯುತ್ತಿದ್ದೆ.
"ಹಾಗಾದರೆ ಜನವರಿವರೆಗೆ ಕಾಯಲೇ?"
ಹನ್ನೊಂದು ವರ್ಷದ ಹೊರೆ, ಇಳಿಸಲು ಹೋರೆಯಿಲ್ಲ.
ಅವಳು ಸುಮ್ಮನಿದ್ದಳು. ಫ್ರಿಜ್ಜು ಗುರುಗುಟ್ಟಿ ನಿಂತಿತು.
"ಐಲಿವ್, ಯಾರೂ ಇಲ್ಲದ ಹೊತ್ತಿನಲ್ಲಿ
ಯಾರನ್ನು ಕೇಳುತ್ತೀ?"

ಯಾವತ್ತು ಹೋದನೋ ಕಾಣೆ.
ಒಂದು ಮಂಗಳವಾರ, ಹಣೆಗೆ ದೀಪ ಕಟ್ಟಿಕೊಂಡು,
ತೋರ್ಲೈವನ ಡಬ್ಬಿಗೆ ಔಷಧಿ ಅಂಗಡಿಯ ಕಾಗದ ಹಾಕುವಾಗ
ಬಾಗಿಲಲ್ಲಿ ಎರಡು ಜೊತೆ ಬೂಟು.
ಒಂದರ ದಾರ ಕಟ್ಟಿಯೇ ಇರಲಿಲ್ಲ,
ನಾಲಗೆ ಹೊರಚಾಚಿತ್ತು.
ಒಳಗೆ ಯಾರೋ ಜೋರಾಗಿ ಬೈಯುತ್ತಿದ್ದರು,
ಉತ್ತರವೂ ಅಷ್ಟೇ ಜೋರು.

ಜನವರಿಯಲ್ಲಿ ಗುಡ್ಡದ ಮೇಲೆ ಮಕ್ಕಳ ಕಿರುಚು,
ಸೂರ್ಯ ಬಂದನೆಂದು ಸಿಹಿ ಬನ್ನು.
ಗುಡ್ವೇಗ್ ಮತ್ತೆ ಗೆರೆ ಎಳೆದಳು, ಪೆನ್ಸಿಲು ಚೂಪು ಮಾಡಿ ಕೇಳಿದಳು:
"ಆ ಬೂಟು ಕಂಡಾಗ ಗಂಟೆ ಎಷ್ಟು?"
ಚಳಿಗೆ ಗಡಿಯಾರ ನಿಂತಿತ್ತು ಅಂದೆ.
ನನ್ನ ಮುಖವನ್ನೇ ನೋಡಿದಳು.
ಆಮೇಲೂ ಏನೋ ಬರೆದಳು,
ಎಡಗೈ ಅಡ್ಡ ಹಿಡಿದು.