ಸಾಬಮ್ಮನ ಎರಡು ಸಾವಿರ

ಶಹಾಬಾದಿನ ಹಿಟ್ಟಿನ ಗಿರಣಿಯ ಪಕ್ಕ
ಒಂದು ಟೇಬಲ್ಲು, ಒಂದು ಯಂತ್ರ, ನಾನು.
ಬ್ಯಾಂಕಿನವರ ಕಾಗದದಲ್ಲಿ ಪ್ರತಿನಿಧಿ,
ಓಣಿಯ ಬಾಯಲ್ಲಿ ರೊಕ್ಕದ ಜಗದೇವಿ.
ಫೋನನ್ನು ತಗಡಿನ ಸಂದಿಗೆ ಸಿಕ್ಕಿಸಿ
ಗೂಡ್ಸ್ ಗಾಡಿ ದಾಟುವವರೆಗೆ ಕಾಯುತ್ತೇನೆ;
ಗಾಡಿಗೂ ಸಿಗ್ನಲ್ಲಿಗೂ ಸಂಬಂಧವಿಲ್ಲ ಅನ್ನುತ್ತಾರೆ ತಿಳಿದವರು.
ಇರಲಿ, ನನ್ನ ಅನುಭವ ನನಗೆ.

ಸಾಬಮ್ಮ ಬಂದು ಹೆಬ್ಬೆಟ್ಟು ಇಟ್ಟಳು.
ಮೂವತ್ತು ವರ್ಷ ಫರ್ಸಿಗೆ ನೀರು ಹೊಡೆದು ತಿಕ್ಕಿದ ಬೆರಳು:
ಕಲ್ಲು ನುಣುಪಾಯಿತು, ಬೆರಳೂ ಆಯಿತು.
ಯಾರ್ಯಾರದೋ ಪಡಸಾಲೆಯ ನೆಲದಲ್ಲಿದೆ ಆಕೆಯ ಗುರುತು,
ಬೆರಳಿನಲ್ಲಿಲ್ಲ.
ಹೊಂದಿಕೆಯಾಗಲಿಲ್ಲ, ಅಂತು ಯಂತ್ರ.
ಒರೆಸಿದೆವು. ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿದೆವು.
ಉಂಗುರ ಬೆರಳು, ಕಿರುಬೆರಳು, ಎಡಗೈ.
'ಇದರ ಕಣ್ಣಿಗೂ ಪರೆ ಬಂದದೇನವ್ವಾ?' ಅಂದಳು,
ತನ್ನ ಪರೆಗಣ್ಣು ಕಿರಿದು ಮಾಡಿ.

ಎಂಟನೆಯ ಸಲ ಹಸಿರು ದೀಪ. ನಕ್ಕೆವು.
ಆಮೇಲೆ ತೆರೆಯ ಮೇಲಿನ ಗಾಲಿ ತಿರುಗಿತು, ತಿರುಗಿತು,
ಕೊನೆಗೆ ಒಂದು ಸಾಲು: ವ್ಯವಹಾರ ವಿಫಲ.
ಆಕೆಯ ಮೊಮ್ಮಗನ ಫೋನಿಗೆ ಇನ್ನೊಂದು:
ಎರಡು ಸಾವಿರ ಕಡಿತ.

ನನ್ನ ಡ್ರಾಯರಿನಲ್ಲಿ ಆ ದುಡ್ಡಿಲ್ಲ. ಆಕೆಯ ಖಾತೆಯಲ್ಲೂ ಇಲ್ಲ.
ಎಲ್ಲಿದೆ ಅಂತ ಕೇಳಿದರೆ ಸಹಾಯವಾಣಿಯ ಹುಡುಗಿ
ಅಷ್ಟೊಂದು ಸಂಗೀತದ ನಂತರ ಹೇಳಿದಳು, ನಡುವೆ ಇದೆ, ಮೇಡಂ.
ನಡುವೆ ಅಂದರೆ ಯಾವ ಊರು, ತಂಗಿ?
ವಾಡಿ ಜಂಕ್ಷನ್ ದಾಟಿದೆಯಾ?
ಆಕೆ ನಗಲಿಲ್ಲ. ದನಿ ಒಣಗಿತ್ತು.
ಬೆಳಗಿನಿಂದ ಎಷ್ಟು ಜನ ಬೈದಿರಬಹುದು ಆಕೆಯನ್ನು?
ಒಂದು ಗುಟುಕು ನೀರು ಕುಡಿಯಮ್ಮ, ಅಂದೆ.
ತುಸು ಹೊತ್ತು ಸುಮ್ಮನಿದ್ದು
'ನಿಮ್ಮ ಕಂಪ್ಲೇಂಟ್ ನಾನೇ ನೋಡ್ತೀನ್ರಿ ಅಕ್ಕೋರೆ' ಅಂದಳು,
ಬರೆದುಕೊಟ್ಟ ಕನ್ನಡ ಬಿಟ್ಟು, ನಮ್ಮ ಸೀಮೆಯದರಲ್ಲಿ.

ಓಣಿಗೆ ಅಷ್ಟು ವ್ಯವಧಾನವಿಲ್ಲ.
ಜಗದೇವಿ ನುಂಗ್ಯಾಳ ಎಂಬ ಮಾತು
ಗಿರಣಿಯಲ್ಲಿ ಜೋಳದ ಜೊತೆ ಬೀಸಿಸಿಕೊಂಡು ಮನೆಮನೆಗೆ ಹೋಯಿತು.
ಮೂರನೆಯ ದಿನ ಯಾರೂ ಬರಲಿಲ್ಲ.
ನಾಲ್ಕನೆಯ ದಿನ ಬಂದವರು ಎದುರಿನ ಕಟ್ಟೆಯ ಮೇಲೆ ಕೂತು ನೋಡಿದರು.
ಮುಚ್ಚಿಬಿಡಬೇಕು ಅಂದುಕೊಂಡೆ. ಬೀಗ ಕೈಯಲ್ಲೇ ಇತ್ತು.

ಐದನೆಯ ದಿನ ಸಾಬಮ್ಮ ಬಂದಳು,
ಕೇಳಲಿಕ್ಕಲ್ಲ.
ಯಂತ್ರವನ್ನು ಅತ್ತ ಸರಿಸಿ ಬುತ್ತಿ ಬಿಚ್ಚಿದಳು,
ಎರಡು ರೊಟ್ಟಿ, ಪುಂಡಿಪಲ್ಯ.
'ಉಣ್ಣು. ಕಳಕೊಂಡಾಕಿ ನಾ, ಸೊರಗಾಕಿ ನೀ?'
ಆಮೇಲೆ ಕಟ್ಟೆಯ ಕಡೆ ತಿರುಗಿ, ಕಲ್ಲಿನ ಧೂಳು ಕುಡಿದ ಗಂಟಲಲ್ಲಿ:
'ರೊಕ್ಕ ನನ್ನವು. ಹೊಯ್ಕೊಳ್ಳೋದಿದ್ರ ನಾ ಹೊಯ್ಕೊತೀನಿ.
ನಿಮಗ್ಯಾಕ ಹೊಟ್ಟಿಶೂಲಿ?'

ಆ ದುಡ್ಡು ಯಾತಕ್ಕೆ ಅಂತ ನಾನು ಕೇಳಿರಲಿಲ್ಲ.
ಎಷ್ಟು ಎಂದಷ್ಟೇ ಕೇಳುವುದು ನಮ್ಮ ಕೆಲಸ.
ಅವತ್ತು ಕೇಳಿದೆ.
'ಕಲಬುರಗಿಗಿ ಹೋಗೋದಿತ್ತು, ಕಣ್ಣಿಗಿ.
ತಡೀಲಿ ಬಿಡು. ನಿನ್ನ ಮಾರಿ ಇನ್ನಾ ಕಾಣ್ತದ.'

ಏಳನೆಯ ದಿನ ಮಧ್ಯಾಹ್ನ ಎರಡು ನಲವತ್ತಕ್ಕೆ ಸಂದೇಶ:
ಎರಡು ಸಾವಿರ ಜಮಾ.
ಎಲ್ಲಿತ್ತು, ಯಾರ ಜೊತೆ ತಿರುಗಿತು, ಹೇಳಲಿಲ್ಲ.

ಈಗ ಮತ್ತೆ ಹೆಬ್ಬೆಟ್ಟು.
ಒಂದನೆಯ ಸಲ, ಇಲ್ಲ.
ಎರಡನೆಯ ಸಲ ಒತ್ತಬೇಕೆನ್ನುವಾಗ ಗೂಡ್ಸ್ ಗಾಡಿ ಬಂತು.
ಎಣ್ಣೆ ಹಚ್ಚಿದ ಬೆರಳನ್ನು ಗಾಳಿಯಲ್ಲಿ ಎತ್ತಿ ಹಿಡಿದು
ಆಕೆ ಸದ್ದಿನ ಲೆಕ್ಕದಲ್ಲಿ, ನಾನು ಕಣ್ಣಿನ ಲೆಕ್ಕದಲ್ಲಿ
ಡಬ್ಬಿ ಎಣಿಸಿದೆವು.