ಬಾಕಿ ಪುಸ್ತಕ

ಬರೆದುಕೊ, ಸೆನಿಯಾ.
ಹೆಸರು ಲಾಂಟಿಂಗ್. ನದಿಯ ಮೇಲ್ದಂಡೆಯ ಉದ್ದಮನೆ,
ಒಂಬತ್ತನೇ ಬಾಗಿಲು.
ಅತ್ತೆಯ ಕೆಮ್ಮಿಗೆ ತಂದದ್ದು, ಸಸಿ ಮೂವತ್ತೇಳು.
ನಲವತ್ತು ಹೊರಟಿತ್ತು; ಮೂರನ್ನು
ದೋಣಿಯಲ್ಲಿ ಯಾರದೋ ಕೋಳಿ ಕುಕ್ಕಿತು.
ನಗಬೇಡ. ಕೋಳಿಗೂ ರೋಗಿಗೂ
ಒಂದೇ ದೋಣಿ ನಮ್ಮಲ್ಲಿ.

ಹಳೆಯದೊಂದು ಲೆಕ್ಕ ನಿನ್ನ ಪುಸ್ತಕದಲ್ಲಿಲ್ಲ.
ಪಟ್ಟಣದ ಆಸ್ಪತ್ರೆಯದು, ಹನ್ನೊಂದು ವರ್ಷದ್ದು.
ರಿಂಬುವಿನ ಹೊಟ್ಟೆಯಲ್ಲಿ ಮಗು ಅಡ್ಡ ತಿರುಗಿತ್ತು.
ಹೊಟ್ಟೆ ಕೊಯ್ದರು, ಹೊಲಿದರು,
ಹಣ ಕಟ್ಟುವ ತನಕ ಇಬ್ಬರನ್ನೂ ಬಿಡುವುದಿಲ್ಲ ಎಂದರು.
ನಾನು ಮನೆಗೆ ಬಂದು
ಗರಗಸದ ಮಿಶಿನ್ನಿಗೆ ಎಣ್ಣೆ ಹಾಕಿದೆ.

ಬೆಲಿಯಾನ್ ಗೊತ್ತಲ್ಲ,
ಮೊಳೆ ಬಾಗುತ್ತದೆ, ಮರ ಬಾಗುವುದಿಲ್ಲ.
ಅದಕ್ಕೆ ಅಜ್ಜನ ಅಜ್ಜ ಇಟ್ಟ ಹೆಸರಿತ್ತು.
ಹೆಸರು ಹಿಡಿದು ಕೂಗಿ ಅಪ್ಪಣೆ ಕೇಳಬೇಕು. ಕೇಳಿದೆ.
ಆ ಸದ್ದಿನಲ್ಲಿ ನನ್ನ ಬಾಯಿ ನನಗೇ ಕೇಳಲಿಲ್ಲ.
ಮಧ್ಯಾಹ್ನದ ತನಕ ನಿಂತೇ ಇತ್ತು.
ಆಮೇಲೆ ಬಿತ್ತು.
ಆಕಾಶಕ್ಕೆ ತೂತು ಬಿದ್ದು
ಪಾಚಿಯ ಮೇಲೆ ಬಿಸಿಲು ಇಳಿಯಿತು,
ಅಲ್ಲಿಯವರೆಗೆ ಯಾರೂ ನೋಡದಿದ್ದ ಬಿಸಿಲು.

ಮಗಳು ಬದುಕಿದಳು. ಈಗ
ನನಗಿಂತ ಚೆನ್ನಾಗಿ ಈಜುತ್ತಾಳೆ.
ತಪ್ಪಾಯಿತು ಎಂಬ ಮಾತು
ನನ್ನ ಬಾಯಲ್ಲಿ ಬರುವುದಿಲ್ಲ, ಸೆನಿಯಾ.
ಕೇಳಬೇಡ.

ಕಾಡು ಕಾಯಲು ಬಂದವರು ಮೊದಲು ಬೋರ್ಡು ತಂದರು:
ಪ್ರವೇಶವಿಲ್ಲ.
ಜೇನಿಗೆ ಹೋದ ಭಾವನನ್ನು ಹಿಡಿದು ಕೂರಿಸಿದರು.
ಬೋರ್ಡಿನ ಹಲಗೆ ಯಾವ ಮರದ್ದೆಂದು
ಕತ್ತಲಲ್ಲೇ ಮೂಸಿ ಹೇಳಿದನಂತೆ ಭಾವ.

ಆಮೇಲೆ ಬಂದವಳು ಚಾಪೆಯ ಮೇಲೆ ಕೂತಳು.
ಮೂರು ಸಂಜೆ ನಮ್ಮ ಅಕ್ಕಿಯ ಕಳ್ಳು ಕುಡಿದು ತೆಪ್ಪಗಿದ್ದಳು.
ನಾಲ್ಕನೆಯ ಸಂಜೆ ಕೇಳಿದಳು,
ಮರ ಯಾವಾಗ ಕಡಿಯುತ್ತೀರಿ?
ಎಷ್ಟು ಅಂತಲ್ಲ, ಯಾಕೆ ಅಂತಲೂ ಅಲ್ಲ. ಯಾವಾಗ.
ಗಂಡಸರು ಬೀಡಿ ಹಚ್ಚಿದೆವು.
ಜಗಲಿಯ ಹಿಂದಿನಿಂದ ಇಂದಾಯ್ ಸುಲಾವ್ ಅಂದಳು:
ಹೆರಿಗೆಯಾದಾಗ. ಜ್ವರ ಬಂದಾಗ. ಹಾವು ಕಚ್ಚಿದಾಗ.

ಹಾಗೆ ಹುಟ್ಟಿತು ನಿನ್ನ ಈ ಕುರ್ಚಿ,
ಈ ಪುಸ್ತಕ, ಈ ತಕ್ಕಡಿ, ಹಿತ್ತಲಿನ ಸಸಿಮಡಿ.

ಮಿಶಿನ್ನು ಕೊಟ್ಟುಬಿಡು ಅನ್ನುತ್ತೀರಿ. ಕೊಟ್ಟಿಲ್ಲ ಇನ್ನೂ.
ಅಟ್ಟದಲ್ಲಿದೆ.
ತಿಂಗಳಿಗೊಮ್ಮೆ ತುಕ್ಕು ಒರೆಸುತ್ತೇನೆ.
ರಿಂಬು ನೋಡಿಯೂ ನೋಡದವಳಂತೆ ಇಳಿದುಹೋಗುತ್ತಾಳೆ.

ಇವು ಮೂವತ್ತು ತೆಂಕಾವಾಂಗ್.
ಕಾಯಿ ಬಿಡುವುದು ನಾಲ್ಕೈದು ವರ್ಷಕ್ಕೊಮ್ಮೆ, ಮನಸ್ಸು ಬಂದರೆ;
ಬಿಟ್ಟ ವರ್ಷ ಇಡೀ ಉದ್ದಮನೆ ಬೆಣ್ಣೆಯ ವಾಸನೆ.

ಈ ಏಳನ್ನು ಬೇರೆ ಸಾಲಿನಲ್ಲಿ ಬರೆ.
ಬೆಲಿಯಾನ್. ಬೆರಳುದ್ದ ಇವೆ.
ಆ ತೂತಿನ ಕೆಳಗೆ ಸಿಕ್ಕವು.
ಅದರ ಮಕ್ಕಳೇ ಇರಬಹುದು, ಇಲ್ಲದೆಯೂ ಇರಬಹುದು.
ನಾನು ಸಾಯುವ ಹೊತ್ತಿಗೆ
ನನ್ನ ತೋಳಿನಷ್ಟು ದಪ್ಪವಾದರೆ ಹೆಚ್ಚು.

ಔಷಧಿ ಕೊಡು, ಕತ್ತಲಾದರೆ ದೋಣಿ ಸಿಗುವುದಿಲ್ಲ.
ಮೂರು ಬಾಕಿ ಅಂತ ಬರೆ.
ಬಿಟ್ಟುಬಿಡುತ್ತೇನೆ ಅನ್ನಬೇಡ, ಕೋಳಿಯ ತಪ್ಪಾದರೂ ಸರಿ,
ಬರೆ.