ಎಡಗಡೆಯ ಹಿಂದಿನ ಚಕ್ರ

ಮೂರನೇ ಸಲ ಬಂದಿದೆ ಮಯ್ಯದ್ದಿಯ ಲಾರಿ.
ಕೂಳೂರು ಸಂಕದ ಈಚೆ, ನನ್ನ ತಗಡಿನ ಮಾಡಿನ ಕೆಳಗೆ
ಖಾಲಿಯಿದ್ದರೂ ಮೀನು ನಾರುತ್ತ ನಿಂತಿದೆ.
ಎಡಗಡೆಯ ಹಿಂದಿನ ಚಕ್ರದ ಒಳಮೈಯಲ್ಲಿ
ಮತ್ತದೇ ಎಣ್ಣೆ, ಕರಿ ನಾಲಗೆಯ ಹಾಗೆ ಇಳಿದು.

ಬೈದಿದ್ದರೆ ಸುಲಭವಿತ್ತು.
ಅವನು ಬೀಡಿ ಹಚ್ಚಿ ಹೇಳಿದ:
"ಲಿಗೋರಿಯಣ್ಣಾ, ಬಟಾಟೆ ಹೇರಿಕೊಂಡು ಶಿರಾಡಿ ಇಳಿಯುವಾಗ
ಬ್ರೇಕ್ ಒತ್ತಿದರೆ ಗಾಡಿ ಬಲಕ್ಕೆ ಎಳೀತಾ ಉಂಟು.
ಎಡದ್ದು ಸುಮ್ಮನೆ ತಿರುಗ್ತದೆ,
ಮಾತು ಬಿಟ್ಟ ದಾಯಾದಿಯ ಹಾಗೆ."
ಬಲಕ್ಕೆ ಎಂದರೆ
ಎದುರಿನಿಂದ ಏರಿ ಬರುವ ಬಸ್ಸುಗಳು.
ಅದನ್ನು ಅವನು ಹೇಳಲಿಲ್ಲ.

ಕಲ್ಲು ಕೊಟ್ಟೆ, ಜಾಕ್ ಎತ್ತಿದೆ, ಹಲಸಿನ ದಿಮ್ಮಿ ಅಡಿಗಿಟ್ಟೆ.
ಜಾಕನ್ನು ನಂಬಿ ಯಾರೂ ಕೆಳಗೆ ಹೋಗಬಾರದು:
ಎಡಗೈಯ ಕಿರುಬೆರಳಿಲ್ಲದ
ಜೆಪ್ಪುವಿನ ಸಂಜೀವ ಮೇಸ್ತ್ರಿ ಕಲಿಸಿದ ಮೊದಲ ಪಾಠ.
ಎಂಟು ನಟ್ಟು. ಎರಡು ಉಪ್ಪಿಗೆ ಹಿಡಿದುಕೊಂಡಿವೆ,
ದಕ್ಕೆಯ ಐಸು ಕರಗಿ ಕರಗಿ ತಿಂದ ಉಪ್ಪು.
ಡ್ರಮ್ಮು ಇಳಿಸಿದೆವು ನಾನೂ ಹುಡುಗನೂ,
ಮದುವೆಮನೆಯ ಕೊಪ್ಪರಿಗೆ ಇಳಿಸುವವರ ಹಾಗೆ ಮಂಡಿ ಬಗ್ಗಿಸಿ.
ಸುತ್ತಿಗೆಯಲ್ಲಿ ಬಡಿದು ಕಿವಿಗೊಟ್ಟೆ.
ಬಿರುಕಿದ್ದರೆ ಮಡಕೆಯ ಸದ್ದು.
ಇಲ್ಲ, ಗಂಟೆ. ಅಷ್ಟಾದರೂ ಉಳಿದಿದೆ.

ಲೈನರು ಮಾತ್ರ ಎಣ್ಣೆ ಕುಡಿದು
ಕಡಪ ಕಲ್ಲಿನ ಹಾಗೆ ಹೊಳೆಯುತ್ತಿದೆ,
ಬೇಕಾದರೆ ತಲೆ ಬಾಚಿಕೊಳ್ಳಬಹುದು.
"ಪೆಟ್ರೋಲಲ್ಲಿ ತೊಳೆದು ಬೆಂಕಿಗೆ ಹಿಡಿದ್ರೆ ಆಗ್ಲಿಕ್ಕಿಲ್ವಾ?"
ಆಗಲಿಕ್ಕಿಲ್ಲ ಮಾರಾಯ.
ಹೊರಗಿಂದ ಒಣಗಿದ ಹಾಗೆ ಕಾಣುತ್ತದೆ,
ಬಿಸಿಯಾದಾಗ ಒಳಗಿನದು ಬೆವರುತ್ತದೆ,
ಬಿಸಿಯಾಗುವುದು ಘಾಟಿಯಲ್ಲೇ.

ಇನ್ನು ಸೀಲು. ನಾನೇ ಹಾಕಿದ್ದು, ತಿಂಗಳೂ ಆಗಿಲ್ಲ.
ತುಟಿ ಹರಿದಿಲ್ಲ, ಸ್ಪ್ರಿಂಗು ಜಾರಿಲ್ಲ.
ಅದು ಕೂರುವ ಉಕ್ಕಿನ ಮೇಲೆ ಒಂದು ಗೆರೆ,
ಉಗುರು ಸಿಕ್ಕಿಕೊಳ್ಳುವಷ್ಟು.
ಇಪ್ಪತ್ತೆಂಟು ವರ್ಷ ಮೆತ್ತಗಿನ ರಬ್ಬರು ಒಂದೇ ಜಾಗಕ್ಕೆ ಒರಗಿ
ಉಕ್ಕನ್ನು ತಿಂದಿದೆ.
ಅದನ್ನು ಕಳೆದ ಸಲವೇ ಕಂಡಿದ್ದೆ, ಸೀಲನ್ನು ಒಂದು ನೂಲು ಹೊರಗೆ ಕೂರಿಸಿದ್ದೆ,
ಸವೆಯದ ಜಾಗಕ್ಕೆ ಹೊಸ ತುಟಿ. ಆ ಕೆಲಸದಲ್ಲಿ ತಪ್ಪಿಲ್ಲ.
ಮತ್ತೆ ಯಾಕೆ?

ಉತ್ತರ ಗೊತ್ತಿಲ್ಲದ ಮೇಸ್ತ್ರಿ ಮಾಡುವುದನ್ನೇ ಮಾಡಿದೆ:
ಚಾ ತರಿಸಿದೆ.

ಹುಡುಗ ಗುಳೇದಗುಡ್ಡದವನು, ಯಮನೂರ. ಬಂದು ನಾಕು ತಿಂಗಳು.
ಗ್ಲಾಸು ಊದುತ್ತ ಊದುತ್ತ ಕೇಳಿದ:
"ಕಾಕಾ, ಮುಂಜಾನೆ ಗಾಡಿ ಬಂದ ಕೂಡ್ಲೆ
ಎಣ್ಣಿ ಬಿರಡಿ ಬಿಚ್ಚಿದ್ನಲ್ರಿ,
ಉಸ್ ಅಂತು. ಹಂಗ್ಯಾಕ?"

ನಾನು ಕೇಳಿರಲಿಲ್ಲ.
ಮೂವತ್ತೊಂದು ವರ್ಷ ಗ್ರೈಂಡರಿನ ಪಕ್ಕ ನಿಂತ ಕಿವಿ
ಗಂಟೆ ಕೇಳುತ್ತದೆ, ನಿಟ್ಟುಸಿರು ಕೇಳುವುದಿಲ್ಲ.

ಚಾ ಅರ್ಧಕ್ಕೆ ಬಿಟ್ಟು ಬೆನ್ನ ಮೇಲೆ ಒಳಗೆ ಸರಿದೆ.
ಹೌಸಿಂಗಿನ ನೆತ್ತಿಯಲ್ಲಿ ಅಂಗಿ ಗುಂಡಿಯಷ್ಟು ಒಂದು ಬ್ರೀದರು.
ಮಣ್ಣು, ಉಪ್ಪು, ಬೂತಾಯಿಯ ಹುರುಪೆ
ಸೇರಿ ಸಿಮೆಂಟಾಗಿದೆ.
ಕಾದ ಎಣ್ಣೆಗೆ ಉಸಿರು ಬಿಡಲು ಜಾಗವಿಲ್ಲ,
ಸಿಕ್ಕಿದ ತುಟಿಯಲ್ಲಿ ಹೊರಟಿದೆ.
ಎರಡು ಸಲ ನಾನು ಆ ತುಟಿಯನ್ನೇ ಗದರಿಸಿದ್ದೆ,
ಎರಡು ಸಲ ದುಡ್ಡು ಎಣಿಸಿಕೊಂಡಿದ್ದೆ.

ಸೈಕಲ್ಲಿನ ಕಡ್ಡಿಯೊಂದು ಸಾಕಾಯಿತು.

ಮತ್ತೆ ಸೀಲು. ಎಡಕ್ಕೂ ಬಲಕ್ಕೂ ಹೊಸ ಲೈನರು,
ಒಂದೇ ಕಡೆಗೆ ಹೊಸತಾದರೆ ಎಳೆತ ಆಚೆಗೆ ತಿರುಗುತ್ತದೆ ಅಷ್ಟೆ.
ರಿವಿಟ್ಟು ಬಡಿಯುವಷ್ಟರಲ್ಲಿ ಸಂಜೆ,
ಸಂಕದ ಮೇಲೆ ಗ್ಯಾಸಿನ ಟ್ಯಾಂಕರುಗಳ ಸಾಲು.

ಮಯ್ಯದ್ದಿ ಬಿಲ್ಲನ್ನು ಬೆಳಕಿಗೆ ಹಿಡಿದು ಓದಿದ.
"ಕೂಲಿ ಬರೀಲಿಲ್ಲ ಅಲ್ವಾ?"
ಕಳೆದ ಎರಡು ಸಲ ಬರೆದಿದ್ದೇನಲ್ಲ ಎಂದೆ.
ಅವನು ನೋಟು ಮಡಚಿ
ಯಮನೂರನ ಕಿಸೆಗೆ ತುರುಕಿದ.

ಹತ್ತು ದಿನದ ಮೇಲೆ ಮತ್ತೆ ಬಂದ,
ಇಂಜಿನ್ ನಿಲ್ಲಿಸದೆ, ರಸ್ತೆಯ ಬದಿಗೇ.
ಬಾಯಿ ತೆರೆಯುವ ಮೊದಲೇ ನಾನು ಕುಕ್ಕುರುಗಾಲಲ್ಲಿ ಕೂತು
ಎಡಗಡೆಯ ಹಿಂದಿನ ಚಕ್ರದ ಒಳಗೆ ಕೈ ಹಾಕಿ
ಬೆರಳು ಎಳೆದು ತೆಗೆದೆ.
ಧೂಳು.
ಘಾಟಿಯ ಕೆಂಪು, ಲೈನರಿನ ಬೂದು,
ಊದಿದರೆ ಹಾರುವ ಹಾಗೆ.

ಊದಲಿಲ್ಲ.
ಹುಡುಗನನ್ನು ಕರೆದು ತೋರಿಸಿದೆ.